ದುರ್ಬೀನಿಗೆ ಹಲ್ಲೆಣಿಸಿದ್ದು

ನಮ್ಮ ಸೀಮೆಯಲ್ಲಿ ಎತ್ತು ಕೊಳ್ಳುವುದಕ್ಕೆ ಒಂದು ಕ್ರಮವಿದೆ. ಉದಗೀರ ತಾಲೂಕಿನ ಹಾಳಿ-ಹಂಡರಗುಳಿ ದನದ ಬಜಾರಕ್ಕೆ ಹೋದವರು ಮೊದಲು ಹಲ್ಲು ಎಣಿಸುತ್ತಾರೆ, ಆಮೇಲೆ ಗೊರಸು, ಆಮೇಲೆ ನಡಿಗೆ, ಕಡೆಗೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ. ಕೊಳ್ಳುವವನು ಒಬ್ಬನಾದರೆ ಹಲ್ಲು ಎಣಿಸುವವರು ಇಪ್ಪತ್ತು ಮಂದಿ. ಆ ಇಪ್ಪತ್ತು ಮಂದಿಗೆ ಕೊಳ್ಳುವ ಇರಾದೆ ಇರುವುದಿಲ್ಲ, ಕಿಸೆಯಲ್ಲಿ ಚಹಾದ ಮೇಲೆ ದುಡ್ಡೂ ಇರುವುದಿಲ್ಲ. ತೀರ್ಪು ಮಾತ್ರ ಅವರದೇ. ಹಕ್ಕಿ ನೋಡುವ ದುಬಾರಿ ದುರ್ಬೀನುಗಳ ವಿಷಯದಲ್ಲಿ ನಾವು ಮೂವರು ಆ ಇಪ್ಪತ್ತು ಮಂದಿಯ ಪೈಕಿ.

ಮೂವರೂ ಮೂರೂರಿನವರು. ನಾನು ಉಮರ್ಗಾದವನು, ಭಾವ ನಿಲಂಗಾದವನು, ಮೂರನೆಯವನು ಉದಗೀರಿನಲ್ಲಿ ತೊಗರಿಬೇಳೆ ಮಾರುವ ಗೆಳೆಯ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಸಿಟ್ಟು ಬಂದರೆ ನಿಜಾಮನ ಕಾಲದ ಉರ್ದು. 1956ರ ತನಕ ನಿಲಂಗಾ, ಉದಗೀರ ಎರಡೂ ಬೀದರ ಜಿಲ್ಲೆಯ ತಾಲೂಕುಗಳು. ಆ ವರ್ಷದ ನವೆಂಬರ್ 1ಕ್ಕೆ ಬೀದರ ಮೈಸೂರಿಗೆ ಹೋಯಿತು, ಇವೆರಡು ಮುಂಬಯಿ ರಾಜ್ಯಕ್ಕೆ ಬಂದವು. ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯದು, ಹೆಸರು ಬದಲಾದ ಮೇಲೆ ಧಾರಾಶಿವದ್ದು. ಹೀಗಾಗಿ ಭಾವ ಮತ್ತು ಗೆಳೆಯ ಹಳೆಯ ಬೀದರದ ಹೆಸರಿನಲ್ಲಿ ಒಂದು ಪಕ್ಷ, ನಾನು ಒಂಟಿ. ವಾದ ಯಾವುದೇ ಇರಲಿ, ಮತಗಳ ಲೆಕ್ಕ ಮೊದಲೇ ಮುಗಿದಿರುತ್ತದೆ.

ಗೆಳೆಯನಿಗೆ ಹಕ್ಕಿ ನೋಡುವುದು ಖಾನದಾನಿ ಹವ್ಯಾಸ. ಅವನ ಖಾನದಾನದಲ್ಲಿ ಯಾರೂ ಹಕ್ಕಿ ನೋಡಿದವರಿಲ್ಲ. ಆದರೆ 1931-32ರಲ್ಲಿ ಸಲೀಂ ಅಲಿ ನಿಜಾಮ ಸರಕಾರದ ನೆರವಿನಿಂದ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸರ್ವೆ ಮಾಡಿದರಲ್ಲ, ಅದರ ವರದಿ ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1933-34ರಲ್ಲಿ ಬಂತಲ್ಲ, ಆ ಸಂಸ್ಥಾನದಲ್ಲಿ ಉದಗೀರ ಇತ್ತು, ಉದಗೀರಿನಲ್ಲಿ ಇವನ ಅಜ್ಜ ಇದ್ದ. ಸಂಬಂಧ ಇಷ್ಟೇ. ಆ ಸರ್ವೆಯಲ್ಲಿ ಪತ್ನಿ ತೆಹಮೀನಾ ಅವರೂ ಜೊತೆಗಿದ್ದರು ಎಂಬುದನ್ನು ಅವನು ತನ್ನ ಹೆಂಡತಿಗೆ ಆಗಾಗ ಹೇಳುತ್ತಾನೆ. ಅವಳು ಬೇಳೆ ಆರಿಸುವುದನ್ನು ನಿಲ್ಲಿಸುವುದಿಲ್ಲ. ಅಂದಿನ ಸರ್ವೆ ಎಂದರೆ ಹಕ್ಕಿಯನ್ನು ಹೊಡೆದು, ಕೈಯಲ್ಲಿ ಹಿಡಿದು, ರೆಕ್ಕೆ ಅಳೆಯುವುದು. ಗುರುತು ತಪ್ಪುವ ಮಾತೇ ಇರಲಿಲ್ಲ. ಅಹಿಂಸೆಗೆ ಬಂದ ಮೇಲೆಯೇ ಈ ಹವ್ಯಾಸದ ಖರ್ಚು ಏರಿದ್ದು.

ಎಷ್ಟು ಏರಿದೆ ಎಂದರೆ, ಆಸ್ಟ್ರಿಯಾದ ಸ್ವರೋವ್‌ಸ್ಕಿ, ಜರ್ಮನಿಯ ಝೈಸ್ ಮತ್ತು ಲೈಕಾ, ಈ ಮೂರರಲ್ಲಿ ಯಾರ ಮೇಲ್ದರ್ಜೆಯ ದುರ್ಬೀನು ಮುಟ್ಟಿದರೂ ಎರಡೂವರೆ ಮೂರು ಲಕ್ಷದ ಮಾತು. ಒಂದು ಜೋಡಿ ದೇವಣಿ ಎತ್ತು ಬಂದು, ಮೇಲೆ ಗಾಡಿಯೂ ಬರುವ ದುಡ್ಡು. ದೇವಣಿ ಊರು ನಮ್ಮ ಪಕ್ಕದಲ್ಲೇ ಇರುವುದರಿಂದ ನಮಗೆ ಬೇರೆ ಮಾಪನ ಗೊತ್ತಿಲ್ಲ. ದೇವಣಿಯಲ್ಲಿ ಮೂರು ಬಗೆ: ಮೈ ಬಿಳಿ, ಮುಖ ಕಪ್ಪಿದ್ದರೆ ವಾನೆರಾ, ಮೈಯೆಲ್ಲ ಬಿಳಿಯಾಗಿ ಹೊಟ್ಟೆಯ ಕೆಳಗಷ್ಟೇ ಕಪ್ಪು ಚುಕ್ಕೆ ಇದ್ದರೆ ಬಾಲಂಕ್ಯಾ, ಮೈತುಂಬ ಕಪ್ಪು ಮಚ್ಚೆ ಚೆಲ್ಲಿದ್ದರೆ ಶೇವರಾ. ಹೊರಗಿನವರಿಗೆ ಮೂರೂ ಕಪ್ಪು-ಬಿಳಿ ಎತ್ತು. ಒಳಗಿನವರು ಇದರ ಮೇಲೆ ಸಂಬಂಧ ಮುರಿದುಕೊಂಡಿದ್ದಾರೆ. ದುರ್ಬೀನಿನವರೂ ಹಾಗೆಯೇ. ಸ್ವರೋವ್‌ಸ್ಕಿಯ ಎನ್‌ಎಲ್ ಪ್ಯೂರ್ 8×42ರಲ್ಲಿ ಸಾವಿರ ಮೀಟರ್ ದೂರದಲ್ಲಿ 159 ಮೀಟರ್ ಅಗಲದ ನೋಟ ಕಾಣುತ್ತದೆ, ಝೈಸ್ ವಿಕ್ಟರಿ ಎಸ್‌ಎಫ್‌ನಲ್ಲಿ 148, ಲೈಕಾ ನಾಕ್ಟಿವಿಡ್‌ನಲ್ಲಿ 135. ಝೈಸ್ ಹಗುರ, ಲೈಕಾದ ಬಣ್ಣ ಗಾಢ, ಸ್ವರೋವ್‌ಸ್ಕಿಯ ಅಂಚು ಕೂಡ ನಡುವಿನಷ್ಟೇ ಚೊಕ್ಕ. ಭಾವನದು ಝೈಸ್, ಯಾಕೆಂದರೆ 1846ರ ಕಂಪನಿ, 1894ರಲ್ಲೇ ಪ್ರಿಸಂ ದುರ್ಬೀನು ಮಾಡಿದವರು. ಭಾವನಿಗೆ ಹಳೆಯದರ ಮೇಲೆ ಭಕ್ತಿ. ಗೆಳೆಯನದು ಲೈಕಾ, ಯಾಕೆಂದರೆ ಅದು ಭಾವನದಲ್ಲ. ನನ್ನದು ಸ್ವರೋವ್‌ಸ್ಕಿ.

“ನನ್ನದು” ಎಂದರೆ ಪಕ್ಷ ಮಾತ್ರ. ವಸ್ತು ಬೇರೆ. ಈ ಹೆಸರು ಮನೆಯಲ್ಲಿ ಮೊದಲ ಸಲ ಎತ್ತಿದಾಗ ಹೆಂಡತಿಯ ಮುಖ ಅರಳಿತು. ಆಕೆಗೆ ಅದು ಹರಳಿನ ಹೆಸರು. ಕಿವಿಯೋಲೆ ಬರುತ್ತದೆ ಎಂದುಕೊಂಡಳು. ಹರಳಿನ ಕಾರಖಾನೆ ವಾಟೆನ್ಸ್‌ನಲ್ಲಿ 1895ರಲ್ಲಿ ಶುರುವಾದದ್ದು, ಅದನ್ನು ಕಟ್ಟಿದವರ ಮಗ ವಿಲ್ಹೆಲ್ಮ್ 1949ರಲ್ಲಿ ಆಬ್ಸಮ್ ಎಂಬಲ್ಲಿ ದುರ್ಬೀನಿನ ಬೇರೆ ಕಾರಖಾನೆ ಹಾಕಿದ್ದು, ಮೊದಲ ಮಾಲು ಹಬಿಶ್ಟ್ 7×30 ಎಂಬುದು, ಎಲ್ಲವನ್ನೂ ಬಿಡಿಸಿ ಹೇಳಿದೆ. ಆಕೆ ಕೇಳಿಸಿಕೊಂಡು, “ಅಂದ್ರ ಅಪ್ಪನ ಅಂಗಡಿ ಬಿಟ್ಟು ಮಗನ ಅಂಗಡಿಗಿ ಯಾಕ ಹೋಗ್ಲತ್ತೀರಿ?” ಎಂದಳು. ಇದಕ್ಕೆ ಆಸ್ಟ್ರಿಯಾದಲ್ಲಿ ಉತ್ತರ ಇರಬಹುದು.

ಹಾಗೆಂದು ನಾವು ಕೈಯಿಂದ ಮುಟ್ಟದೆ ತೀರ್ಪು ಕೊಡುವವರಲ್ಲ. ಒಂದು ಚಳಿಗಾಲ, ಮದುವೆ ಸುಗ್ಗಿಯ ಕಾಲ, ದೂರದೂರಿನ ನೆಂಟರೆಲ್ಲ ಬಂದಿದ್ದಾಗ ಮೂರೂ ಬಗೆಯ ದುರ್ಬೀನು ಒಟ್ಟಿಗೆ ನಮ್ಮ ಕೈಗೆ ಸಿಕ್ಕವು. ಮಾಲೀಕರು ಊಟಕ್ಕೆ ಕೂತಿದ್ದರು. ಹೋಳಿಗೆ ಹೆಚ್ಚು ಬಡಿಸುವಂತೆ ಅಡುಗೆಯವರಿಗೆ ಹೇಳಿ ನಾವು ಮಾಕಣಿಯ ತೇರಣಾ ಜಲಾಶಯದ ಹಿನ್ನೀರಿಗೆ ಹೊರಟೆವು. ನೀರಿನಾಚೆ ಚಕ್ರವಾಕಗಳು, ಈಚೆ ಹಾಲುದೆನೆಯ ಬಿಳಿಜೋಳ, ಅದರ ಮೇಲೆ ಹಿಂಡು ಹಿಂಡಾಗಿ ಭೋರಡಿ, ಅಂದರೆ ಗುಲಾಬಿ ಕಬ್ಬಕ್ಕಿ. ಪೂರ್ವ ಯುರೋಪು, ಮಧ್ಯ ಏಷ್ಯಾದಿಂದ ನಮ್ಮ ಜೋಳಕ್ಕಾಗಿಯೇ ಬರುವ ಹಕ್ಕಿ. ಈಗ ಅದನ್ನು ನೋಡುವ ಗಾಜೂ ಯುರೋಪಿನಿಂದ ಬಂದಿತ್ತು. ನಮ್ಮದು ಅಂತ ಇದ್ದದ್ದು ಜೋಳ ಒಂದೇ.

ತೊಂದರೆ ಏನೆಂದರೆ ಹೊರಡುವಾಗಲೇ ಊಟದ ಹೊತ್ತು, ತಲುಪುವಾಗ ಸುಡು ಮಧ್ಯಾಹ್ನ. ಎರೆಭೂಮಿ ಬೆಳಿಗ್ಗೆಯಿಂದ ಬಿಸಿಲು ಕುಡಿದು ಆ ಹೊತ್ತಿಗೆ ಕಾವು ಬಿಡತೊಡಗುತ್ತದೆ. ನೆಲಕ್ಕೆ ತಾಗಿದ ಗಾಳಿ ಕಾದು ಮೇಲೇಳುತ್ತದೆ, ಮೇಲಿನ ತಂಪು ಗಾಳಿ ಕೆಳಗಿಳಿಯುತ್ತದೆ, ನಡುವೆ ಹಾದು ಬರುವ ಬೆಳಕು ಬಾಗುತ್ತ ಬಳುಕುತ್ತ ಬರುತ್ತದೆ. ಬಿಸಿಲುಗುದುರೆ. ಗಾಜು ಎಷ್ಟೇ ಒಳ್ಳೆಯದಿದ್ದರೂ ಅದರ ಮುಂದಿನ ಗಾಳಿ ನಮ್ಮ ಉಮರ್ಗಾದ್ದೇ. ಲೈಕಾದಲ್ಲಿ ಚಕ್ರವಾಕದ ಕತ್ತು ಕುಣಿಯಿತು. ಝೈಸ್‌ನಲ್ಲಿ ಕುಣಿಯಿತು. ಸ್ವರೋವ್‌ಸ್ಕಿಯಲ್ಲಿ ಅಂಚಿನಿಂದ ಅಂಚಿಗೆ, ಬಣ್ಣ ಕೆಡದೆ, ಅತ್ಯಂತ ಸ್ಪಷ್ಟವಾಗಿ ಕುಣಿಯಿತು. ಅಷ್ಟು ಚೊಕ್ಕದ ಬಿಸಿಲುಗುದುರೆ ನಾನು ಜನ್ಮದಲ್ಲಿ ನೋಡಿರಲಿಲ್ಲ. ಆಮೇಲೆ ನನ್ನ ಹಳೆಯ ಒಲಿಂಪಸ್ 8×40 ತೆಗೆದೆ. ಹತ್ತು ಸಾವಿರ ದಾಟದ ಮಾಲು, 143 ಮೀಟರ್ ನೋಟ. ಅಗಲದಲ್ಲಿ ಲೈಕಾಕ್ಕಿಂತ ಒಂದು ಕೈ ಮೇಲೆ. ಅಂಚಿನಲ್ಲಿ ಹಕ್ಕಿ ಮಸುಕು, ಮಳೆಗೆ ಒಗ್ಗುವುದಿಲ್ಲ. ಆದರೆ ನಡು ಮಧ್ಯಾಹ್ನ ಅದರಲ್ಲೂ ಚಕ್ರವಾಕ ಅಷ್ಟೇ ಕುಣಿಯಿತು. ಒಬ್ಬ ನೆಂಟರ ಮಗ 10×42 ಒಂದನ್ನು ಕೊರಳಿಗೆ ಹಾಕಿಕೊಂಡು ಬಂದಿದ್ದ. ಅದರಲ್ಲಿ ಹಕ್ಕಿಯಷ್ಟೇ ಅಲ್ಲ, ಕುಣಿತವೂ ಹತ್ತು ಪಟ್ಟು. ಕೈನಡುಕ ಬೇರೆ.

ದುಬಾರಿ ದುರ್ಬೀನಿಗೆ ಇಲ್ಲಿ ಇನ್ನೊಂದು ವಿಘ್ನ, ಜನ. ಹೈದರಾಬಾದ್–ಪುಣೆ ಹೆದ್ದಾರಿಯ ಬದಿಯಲ್ಲಿ ಕಣ್ಣಿಗೆ ಏನಾದರೂ ಹಚ್ಚಿ ನಿಂತರೆ ಸಾಕು, ಬೈಕು ನಿಲ್ಲುತ್ತವೆ. ಮೊದಲ ಪ್ರಶ್ನೆ, “ಮಾವೇಜಾ ಎಷ್ಟ್ರಿ?” ರಸ್ತೆ ಅಗಲ ಮಾಡಲು ಹೊಲ ಹೋಗುತ್ತದೆ, ಪರಿಹಾರ ಬರುತ್ತದೆ, ಅದನ್ನು ಅಳೆಯಲು ಬಂದವರು ನಾವು. ಎರಡನೆಯದು, “ಬಿಬಟ್ಯಾ ಬಂದದ ಏನು?” ಚಿರತೆ. ಮೂರನೆಯದನ್ನು ವಯಸ್ಸಾದವರು ಕೇಳುತ್ತಾರೆ, ದನಿ ತಗ್ಗಿಸಿ: ನೆಲ ಮತ್ತೆ ನಡುಗುತ್ತದೆಯೇ ಎಂದು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ಕಂಡವರು ಅವರು. ಅಂದಿನಿಂದ ಯಂತ್ರ ಹಿಡಿದು ನಿಂತ ಮನುಷ್ಯನೆಂದರೆ ಅವರಿಗೆ ವಿಜ್ಞಾನಿ. ಅವರಿಗೆ ಮಾತ್ರ ನಾವು ನೆಟ್ಟಗೆ ಉತ್ತರ ಕೊಡುತ್ತೇವೆ, ಹಕ್ಕಿ ನೋಡಲು ಬಂದಿದ್ದೇವೆ ಎಂದು. ನಂಬುವುದಿಲ್ಲ. ಮೂರು ಲಕ್ಷ ಹಾಕಿ ಗುಬ್ಬಿ ನೋಡುತ್ತಾರೆ ಎಂದರೆ ಯಾರು ನಂಬುತ್ತಾರೆ?

ಆ ಮಧ್ಯಾಹ್ನ ನಿಜವಾದ ಪರೀಕ್ಷೆ ನಡೆಸಿದ್ದು ಜೋಳ ಕಾಯುತ್ತಿದ್ದ ಮುದುಕಿ. ಅಟ್ಟಣಿಗೆಯ ಮೇಲೆ ಕೂತು ಕವಣೆ ಬೀಸುತ್ತ, ನಾವು ಹಿಂಡನ್ನು ನೋಡಿದಷ್ಟೂ ಅವಳು ಓಡಿಸುತ್ತಿದ್ದಳು. ಇವಳನ್ನು ಸುಮ್ಮನಿರಿಸಲು ಭಾವ ಝೈಸನ್ನು ಮೇಲೆ ಕೊಟ್ಟ. ಭೋರಡಿ ತೋರಿಸಿದ. ಅವಳಿಗೆ ಭೋರಡಿ ಬೇಡ, ವರ್ಷವೆಲ್ಲ ಅದನ್ನೇ ಬೈಯುತ್ತ ಬದುಕುವವಳು. ದುರ್ಬೀನನ್ನು ನೇರ ಪಕ್ಕದ ಹೊಲದ ವಿದ್ಯುತ್ ಕಂಬಕ್ಕೆ ತಿರುಗಿಸಿದಳು. ಸ್ವಲ್ಪ ಹೊತ್ತು ಉಸಿರಿಲ್ಲ. ಆಮೇಲೆ, “ಆಕಡಾ ಹಾಕ್ಯಾನ ಭಾಡ್ಯಾ!” ಎಂದು ಕೂಗಿದಳು. ತಂತಿಗೆ ಕೊಕ್ಕೆ ಹಾಕಿ ಕರೆಂಟು ಕದಿಯುವುದಕ್ಕೆ ನಮ್ಮಲ್ಲಿ ಆಕಡಾ ಎನ್ನುತ್ತಾರೆ. ಮೂವರೂ ಸರದಿಯಲ್ಲಿ ನೋಡಿದೆವು. ಹೌದು, ಕೊಕ್ಕೆ ಇತ್ತು. ಮೂರೂ ದುರ್ಬೀನಿನಲ್ಲಿ ಕೊಕ್ಕೆಯ ಬಾಗು, ತಂತಿಯ ಸಿಪ್ಪೆ ಬಿಚ್ಚಿದ ತುದಿ ಕಂಡಿತು. ಒಲಿಂಪಸ್‌ನಲ್ಲಿ ಕೊಕ್ಕೆ ಕಂಡಿತು, ಸಿಪ್ಪೆ ಕಾಣಲಿಲ್ಲ. ಮೇಲ್ದರ್ಜೆಯ ಗಾಜಿಗೂ ಮಧ್ಯಮ ಗಾಜಿಗೂ ನಡುವಿನ ವ್ಯತ್ಯಾಸ ನನಗೆ ತಿಳಿದದ್ದು ಅಂದೇ: ಅದು ಆಕಡಾದ ಸಿಪ್ಪೆಯಷ್ಟು. ಎರಡೂ ಮುಕ್ಕಾಲು ಲಕ್ಷದ ಸಿಪ್ಪೆ. ಮುದುಕಿ ದುರ್ಬೀನು ವಾಪಸು ಕೊಡುವ ಲಕ್ಷಣ ಕಾಣಲಿಲ್ಲ. ಮತ್ತೊಂದು ಕಂಬ ನೋಡುವುದಿದೆ ಎಂದಳು.

ಆದರೂ ನ್ಯಾಯವಾಗಿ ಹೇಳಬೇಕು. ಸಂಜೆ ಉದಗೀರ ಕೋಟೆಗೆ ಹೋದಾಗ ಪಂದ್ಯ ಬದಲಾಯಿತು. 1760ರಲ್ಲಿ ಸದಾಶಿವರಾವ್ ಭಾವೂ ನಿಜಾಮನ ಸೈನ್ಯವನ್ನು ಸೋಲಿಸಿದ್ದು ಈ ಉದಗೀರಿನಲ್ಲೇ. ಮರುವರ್ಷ ಪಾಣಿಪತ್ತಿನಲ್ಲಿ ಅವರ ಕಥೆ ಮುಗಿಯಿತು. ಇದನ್ನು ಗೆಳೆಯ ಪ್ರತಿ ಸಲ ಹೇಳುತ್ತಾನೆ, ಈಗಲೂ ಹೇಳಿದ. ಹೊತ್ತು ಮುಳುಗಿ ಕಂದಕದ ಕಲ್ಲುಗಳ ಬಣ್ಣ ಹೋಗುತ್ತಿತ್ತು. ಒಂದು ಬಿರುಕಿನಲ್ಲಿ ಹಾಲಕ್ಕಿ ಕೂತಿತ್ತು. ಒಲಿಂಪಸ್‌ನಲ್ಲಿ ಅದು ಕಲ್ಲೋ ಹಕ್ಕಿಯೋ ತಿಳಿಯದಾದಾಗ ಎನ್‌ಎಲ್ ಪ್ಯೂರ್‌ನಲ್ಲಿ ಹುಬ್ಬು, ಹಳದಿ ಕಣ್ಣು, ಎದೆಯ ಚುಕ್ಕೆ ಎಲ್ಲ ಕಂಡವು. 42 ಮಿಲಿಮೀಟರ್ ಗಾಜು, ಎಂಟು ಪಟ್ಟು ಹಿಗ್ಗುವಿಕೆ, ಭಾಗಿಸಿದರೆ ಐದೂ ಕಾಲು ಮಿಲಿಮೀಟರ್ ಬೆಳಕಿನ ಚಕ್ಕೆ ಕಣ್ಣಿಗೆ ಬೀಳುತ್ತದೆ. ಒಲಿಂಪಸ್‌ನಲ್ಲೂ ಲೆಕ್ಕಕ್ಕೆ ಐದು. ಆದರೆ ಒಳಗಿನ ಪ್ರಿಸಂ, ಲೇಪ, ಗಾಜಿನ ಗುಣ ಸೇರಿ ಬೆಳಕನ್ನು ಎಷ್ಟು ಸೋರದಂತೆ ತರುತ್ತವೆ ಎಂಬುದೇ ಆ ಮೂರು ಲಕ್ಷದ ಕಥೆ. ಎದುರು ಬೆಳಕಿಗೆ ಹಿಡಿದರೂ ಬಿಳಿ ಪೊರೆ ಕಟ್ಟುವುದು ಕಡಿಮೆ, ದಿನವಿಡೀ ನೋಡಿದರೂ ಕಣ್ಣು ನೋಯುವುದಿಲ್ಲ, ಚಷ್ಮಾ ಹಾಕಿದವರಿಗೂ ಪೂರ್ತಿ ನೋಟ. ಇಷ್ಟು ಸತ್ಯ. ಎನ್‌ಎಲ್ ಪ್ಯೂರ್‌ಗೆ ಹಣೆ ಆನಿಸುವ ಪಟ್ಟಿಯೊಂದನ್ನು ಬೇರೆ ಮಾರುತ್ತಾರಂತೆ, ಕೈ ನಡುಗದಿರಲಿ ಎಂದು. ಬೆಲೆ ಕೇಳಿದ ಮೇಲೆ ಹಣೆಗೆ ಆಸರೆ ಬೇಕಾಗುತ್ತದೆ ಎಂಬುದು ಅವರಿಗೂ ಗೊತ್ತು.

ಭಾವನಿಗೆ ಎನ್‌ಎಲ್ ಪ್ಯೂರ್ ಹಿಡಿದು ಸಾಲಾಗಿ ನೋಡುತ್ತ ಹೋದಾಗ ತಲೆ ತಿರುಗಿತು. ಅಂಚಿನ ತನಕ ಚಪ್ಪಟೆ ನೋಟ ಕೊಡುವ ಗಾಜಿನಲ್ಲಿ ಕೆಲವರಿಗೆ ಜಗತ್ತು ಗೋಲವಾಗಿ ಉರುಳಿದಂತೆ ಕಾಣುತ್ತದೆ, ಅದು ಗಾಜಿನ ದೋಷವಲ್ಲ. ಭಾವ ಮಾತ್ರ ಝೈಸ್‌ನ ಜಯ ಎಂದು ಬರೆಸಿಕೊಂಡ. ಜೊತೆಗೆ ಬಂದಿದ್ದ ಹುಡುಗ ತನ್ನ ಮೊಬೈಲು ಎತ್ತಿ ತೋರಿಸಿದ, ಅದರ ಬೆನ್ನಿನ ಮೇಲೂ ಝೈಸ್ ಎಂದು ಬರೆದಿತ್ತು. ಅವನ ತಮ್ಮನ ಮೊಬೈಲಿನ ಮೇಲೆ ಲೈಕಾ. ನಮ್ಮ ಮೂವರ ಹತ್ತಿರ ಇಲ್ಲದ್ದು ಮಕ್ಕಳ ಚಡ್ಡಿಯ ಕಿಸೆಯಲ್ಲಿತ್ತು.

2024ರಲ್ಲಿ ಸ್ವರೋವ್‌ಸ್ಕಿಯವರು ಎಎಕ್ಸ್ ವಿಸಿಯೋ ಎಂಬ ಹೊಸ 10×32 ತಂದಿದ್ದಾರೆ. ಹಕ್ಕಿಯ ಮೇಲೆ ಹಿಡಿದು ಗುಂಡಿ ಒತ್ತಿದರೆ ಅದೇ ಹೆಸರು ಹೇಳುತ್ತದೆ, ಒಂಬತ್ತು ಸಾವಿರಕ್ಕೂ ಹೆಚ್ಚು ಜೀವಿಗಳು ಅದರ ಹೊಟ್ಟೆಯಲ್ಲಿವೆ. ಗೆಳೆಯ ಇದನ್ನು ಒಂದೇ ಮಾತಿಗೆ ತಳ್ಳಿಹಾಕಿದ: “ಹೆಸರು ಅದೇ ಹೇಳಿದ್ರ ನಾವು ಜಗಳ ಯಾತರ ಮ್ಯಾಲ ಆಡೋದು?” ಸರಿ. ಚಳಿಗಾಲದಲ್ಲಿ ನಮ್ಮ ಹೊಲಗಳ ಮೇಲೆ ತೇಲುವ ಹೆಣ್ಣು ಸೆಳೆವ, ಅಂದರೆ ಹ್ಯಾರಿಯರ್ ಹಕ್ಕಿ, ಮಾಂಟೆಗೂ ಜಾತಿಯದೋ ಪ್ಯಾಲಿಡ್ ಜಾತಿಯದೋ, ಕತ್ತಿನ ಸುತ್ತ ಬಿಳಿ ಪಟ್ಟಿ ಇದೆಯೋ ಇಲ್ಲವೋ ಎಂಬುದರ ಮೇಲೆ ನಾವು ಒಂದು ಇಡೀ ಫೆಬ್ರವರಿ ಕಳೆದವರು. ನೆಲಗುಬ್ಬಿಗಳ ಮಾತು ಬೇರೆಯೇ. ಕರ್ನಲ್ ಸೈಕ್ಸ್ 1832ರಲ್ಲಿ ದಖ್ಖನಿನ ಹಕ್ಕಿಗಳ ಪಟ್ಟಿ ಮಾಡಿದವರು, ಅವರ ಹೆಸರಿನ ನೆಲಗುಬ್ಬಿಯೂ ನಮ್ಮ ಬೀಳುಗಳಲ್ಲಿದೆ. ಅದನ್ನು ಗುರುತು ಹಚ್ಚುವುದಕ್ಕೆ ಗಾಜಿಗಿಂತ ಹಟ ಬೇಕು.

ನನ್ನ ತೀರ್ಪು ಇಷ್ಟು. ಎಂಟು ಪಟ್ಟಿನದನ್ನೇ ಕೊಳ್ಳಿ, ಹತ್ತರ ಆಸೆ ಬಿಡಿ. ನಲವತ್ತು ಐವತ್ತು ಸಾವಿರದೊಳಗೆ ನೀರಿಗೆ ಹೆದರದ ಒಳ್ಳೆಯ 8×42 ಸಿಗುತ್ತದೆ. ಅದೂ ಆಗದಿದ್ದರೆ ಹತ್ತು ಸಾವಿರದ್ದು ಸಾಕು. ಬೆಳಿಗ್ಗೆ ಒಂಬತ್ತರೊಳಗೆ ನೋಡಿ ಮುಗಿಸಿ, ಆಮೇಲೆ ಎಲ್ಲ ಕಂಪನಿಗಳೂ ಒಂದೇ. ಮೂರು ಲಕ್ಷ ಇದ್ದವರು ಸ್ವರೋವ್‌ಸ್ಕಿಯನ್ನೇ ಕೊಳ್ಳಲಿ, ನನ್ನ ಅಡ್ಡಿಯಿಲ್ಲ. ಕೊಂಡವರು ಹೈದರಾಬಾದಿಗೆ ಹೋಗುವಾಗ ಉಮರ್ಗಾದಲ್ಲಿ ಇಳಿಯಬೇಕು. ಬಿಳಿಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು ನಮ್ಮದು. ಹಲ್ಲೆಣಿಸುವುದಕ್ಕೆ ಮೂವರೂ ತಯಾರಿದ್ದೇವೆ.