ಪಹಣಿ ಮೀಮಾಂಸೆ: ನಡುವಯಸ್ಸಿನ ಡೇಟಾಬೇಸಿಗನ ವೃತ್ತ್ಯಂತರ ವಿಚಾರವು

ಅಧಿಕರಣವೊಂದಕ್ಕೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಐದು ಅಂಗಗಳು. ವೇದವಾಕ್ಯಗಳ ಅರ್ಥ ನಿಶ್ಚಯಿಸಲು ಹುಟ್ಟಿದ ಈ ಕ್ರಮವನ್ನು ಮೈಸೂರು–ಹುಣಸೂರು ಬಸ್ಸಿನ ಕಿಟಕಿ ಸೀಟಿನವನ ತಲೆಬಿಸಿಗೆ ಅನ್ವಯಿಸಿದವರಲ್ಲಿ ನಾವೇ ಮೊದಲಿಗರು. ಅಲ್ಲವೆಂದು ಸಾಧಿಸಿದವರಿಗೆ ಬಿಳಿಕೆರೆಯಲ್ಲಿ ಇಳಿಸಿ ಕಾಫಿ ಕೊಡಿಸಲಾಗುವುದು.

ವಿಷಯ

ನಾಯಕನಿಗೆ ನಲವತ್ತನಾಲ್ಕು ವರ್ಷ. ಇಪ್ಪತ್ತು ವರ್ಷದಿಂದ ಡೇಟಾಬೇಸ್ ಪ್ರೋಗ್ರಾಮರು. ಕಾಣದ ದೇಶದ ಕಾಣದ ಗ್ರಾಹಕರನ್ನು ಕೋಷ್ಟಕದ ಸಾಲುಗಳಲ್ಲಿ ಕೂರಿಸಿ, ಒಬ್ಬನೇ ಮನುಷ್ಯ ಎರಡು ಕಡೆ ಎರಡು ಹೆಸರಲ್ಲಿ ಕೂರದಂತೆ ಕಾಯುವುದು ಈ ವೃತ್ತಿಯ ಲಕ್ಷಣ. ಊರಲ್ಲಿ ಇದನ್ನು 'ಕಂಪ್ಯೂಟ್ರಲ್ಲಿ ಅದೇನೋ' ಎನ್ನುತ್ತಾರೆ. ಇದಕ್ಕಿಂತ ನಿಖರವಾದ ವ್ಯಾಖ್ಯೆ ಅವನ ಕಂಪನಿಯ ಬಳಿಯೂ ಇದ್ದಂತಿಲ್ಲ.

ಸಂಶಯ

ಕೆಲಸ ಬಿಟ್ಟು ಹುಣಸೂರಿನ ಪಿತ್ರಾರ್ಜಿತಕ್ಕೆ ಮರಳಬೇಕೋ, ಬೇಡವೋ? ಮರಳಿದರೆ ಬೆಳೆಯುವುದು ಏನನ್ನು? ಇಲ್ಲಿ ಸೋದರತ್ತೆಯರ ಮನೆಗಳಿಂದ ಮೂರು ಮತಗಳು ಹೊರಟಿವೆ.

ದೊಡ್ಡತ್ತೆಯದು ಕೆ.ಆರ್.ನಗರದ ಭತ್ತಮತ. ನಾಲೆಗೆ ನೀರು ಬಿಟ್ಟರೆ ನಾಟಿ, ಬಿಡದಿದ್ದರೆ ಧರಣಿ. ಮೊದಲನೆಯದು ಬಗ್ಗಿ ಮಾಡುವ ಕೆಲಸ, ಎರಡನೆಯದು ಕೂತು ಮಾಡುವುದು. ಇಪ್ಪತ್ತು ವರ್ಷ ಕುರ್ಚಿ ಸವೆಸಿದವನಿಗೆ ಎರಡನೆಯದಾದರೂ ಒಗ್ಗೀತು. ನಡುವಿನತ್ತೆಯದು ಪಿರಿಯಾಪಟ್ಟಣದ ಶುಂಠಿಮತ: ಗೆಡ್ಡೆ ಕೊಳೆಯದಿದ್ದರೆ, ಕೀಳುವ ಹೊತ್ತಿಗೆ ರೇಟು ಬೀಳದಿದ್ದರೆ, ಮಹಡಿ ಮನೆ. ಈ ಮತದಲ್ಲಿ ಗೊಬ್ಬರಕ್ಕಿಂತ 'ದಿದ್ದರೆ'ಗಳೇ ಹೆಚ್ಚು ಬೀಳುತ್ತವೆ. ಚಿಕ್ಕತ್ತೆ ಎಚ್.ಡಿ.ಕೋಟೆಯ ಕಾಡಂಚಿನವಳು. ಅಲ್ಲಿಯದು ಶುದ್ಧ ದ್ವೈತ. ಬಿತ್ತುವವನು ಬೇರೆ, ಉಣ್ಣುವವನು ಬೇರೆ, ಉಣ್ಣುವವನಿಗೆ ಸೊಂಡಿಲಿದೆ.

ಪೂರ್ವಪಕ್ಷ

ಮರಳಲೇಬೇಕು ಎಂಬುದು ನಾಯಕನ ವಾದ. ಇದಕ್ಕೆ 1974ನೇ ಇಸವಿಯೇ ಪ್ರಮಾಣ. ಆ ವರ್ಷ ಐಬಿಎಂನ ಚೇಂಬರ್ಲಿನ್ ಮತ್ತು ಬಾಯ್ಸ್ 'ಸೀಕ್ವೆಲ್' ಎಂಬ ಪ್ರಶ್ನಾಭಾಷೆಯನ್ನು ಲೋಕಕ್ಕೆ ಕೊಟ್ಟರು; ಇಂದಿನ ಎಸ್‌ಕ್ಯೂಎಲ್ ಅದರದೇ ಕುಡಿ. ಅದೇ ವರ್ಷದ ಮಾರ್ಚ್ 1ರಂದು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರ ಸರ್ಕಾರ ಭೂಸುಧಾರಣೆಯ ತಿದ್ದುಪಡಿಯನ್ನು ಜಾರಿಗೆ ತಂದು, ಉಳುವವನೇ ಹೊಲದೊಡೆಯ ಎಂದಿತು. 'ಈ ಸಾಲು ಯಾರದು?' ಎಂದು ಅಲ್ಲಿ ಕೋಷ್ಟಕಕ್ಕೆ ಕೇಳಿದರು, ಇಲ್ಲಿ ನೇಗಿಲಿಗೆ ಕೇಳಿದರು. ಎರಡೂ ಒಂದೇ ಶಾಸ್ತ್ರವೆನ್ನಲು ಇನ್ನೇನು ಬೇಕು? ಚಿಕ್ಕತ್ತೆಯ ಸೀಮೆಯ ಕಬಿನಿ ಅಣೆಕಟ್ಟು ಮುಗಿದದ್ದೂ 1974ರಲ್ಲೇ ಎಂಬುದನ್ನು ಅವಳ ಸಮಾಧಾನಕ್ಕಾಗಿ ಸೇರಿಸಿದೆ.

ಇನ್ನು ದೊಡ್ಡ ವರಮಾನದವರೂ ಬೇಸಾಯಗಾರರಲ್ಲದವರೂ ಕೃಷಿಭೂಮಿ ಕೊಳ್ಳದಂತೆ ತಡೆದಿದ್ದ, ಅದೇ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳು 2020ರಲ್ಲಿ ರದ್ದಾದವು. ಪಕ್ಕದ ಗದ್ದೆಯನ್ನೂ ಸೇರಿಸಿಕೊಳ್ಳಬಹುದೆಂದು ನಾಯಕ ಬಸ್ಸಿನಲ್ಲೇ ಬೇಲಿ ಹಾಕಿದ.

ಎರಡನೆಯ ಪ್ರಮಾಣ ಸಾದೃಶ್ಯ. ಅಪ್ಪ ಹೊಗೆಸೊಪ್ಪಿನ ರೈತ. ಮುರಿದ ಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಿದ ಮೇಲೆ ಐದಾರು ದಿನ ಮನೆಯವರಿಗೆ ನಿದ್ದೆಯಿಲ್ಲ. ಮೊದಲು ಮಂದ ಬಿಸಿಯಲ್ಲಿ ಸೊಪ್ಪು ಹಳದಿಗೆ ತಿರುಗಬೇಕು, ಆಮೇಲೆ ಮೆಲ್ಲಗೆ ಬಿಸಿ ಏರಿಸಿ ಎಲೆ ಒಣಗಿಸಬೇಕು, ಕೊನೆಗೆ ಎಪ್ಪತ್ತು ಡಿಗ್ರಿಯ ಸುಮಾರಿಗೆ ತಂದು ನಡುದಂಟಿನ ಪಸೆ ತೆಗೆಯಬೇಕು. ನಡುರಾತ್ರಿ ಕಣ್ಣು ಹತ್ತಿದರೆ ಚಿನ್ನದಂಥ ಸೊಪ್ಪು ಕಪ್ಪಾಗಿ, ಹರಾಜಿನಲ್ಲಿ ಕಡೆಯ ದರ್ಜೆಗೆ ಇಳಿಯುತ್ತದೆ. ನಾಯಕನ ಸರ್ವರೂ ಕೂಗುವುದು ನಡುರಾತ್ರಿಯೇ. ಅನುಮತಿ ಇಲ್ಲದವನು ಒಂದು ಸಾಲೂ ಬರೆಯಕೂಡದು ಎಂಬ ಡೇಟಾಬೇಸಿನ ನಿಯಮವೂ ರೈತನಿಗೆ ಹೊಸದಲ್ಲ: 1976ರಲ್ಲಿ ಬಂದ ತಂಬಾಕು ಮಂಡಳಿ ಲೈಸೆನ್ಸು ಕೊಟ್ಟು, ಎಷ್ಟು ಬೆಳೆಯಬೇಕೆಂದೂ ಹೇಳುತ್ತದೆ. ಆದ್ದರಿಂದ ವೃತ್ತಿ ಬದಲಾಗುತ್ತಿಲ್ಲ, ನಿದ್ದೆಗೆಡುವ ಜಾಗ ಮಾತ್ರ ಬದಲಾಗುತ್ತಿದೆ. ಇತಿ ಪೂರ್ವಪಕ್ಷಃ.

ಸಿದ್ಧಾಂತ

ಇಷ್ಟು ಗಟ್ಟಿಯಾದ ವಾದವನ್ನು ಒಂದು ಹಾಳೆ ಖಂಡಿಸಿತು. 2000ದ ಸುಮಾರಿನಿಂದ 'ಭೂಮಿ' ಯೋಜನೆಯಡಿ ನಮ್ಮ ಪಹಣಿಗಳೆಲ್ಲ ಕಂಪ್ಯೂಟರಿಗೆ ಏರಿವೆ. ಅಂದರೆ ಅಪ್ಪನ ಹೊಲವೂ ಒಂದು ಡೇಟಾಬೇಸಿನ ಸಾಲು. ನಾಯಕ ಅದನ್ನು ವೃತ್ತಿಯ ಕಣ್ಣಿನಿಂದ ಓದಿದ. 9ನೇ ಕಲಮಿನಲ್ಲಿ ತಾತನ ಹೆಸರು, ಜೊತೆಗೆ ತಾತನ ತಮ್ಮನದು. ಇಬ್ಬರೂ ತೀರಿಕೊಂಡು ಮೂವತ್ತು ವರ್ಷವಾದರೂ ಪಹಣಿಯಲ್ಲಿ ಆರೋಗ್ಯವಾಗಿದ್ದಾರೆ. 3ನೇ ಕಲಮಿನ ಪ್ರಕಾರ ಒಟ್ಟು ವಿಸ್ತೀರ್ಣ 4 ಎಕರೆ 12 ಗುಂಟೆ. 9ನೇ ಕಲಮಿನ ಪಾಲುಗಳನ್ನು ಕೂಡಿದರೆ 4 ಎಕರೆ 20 ಗುಂಟೆ. ಎಂಟು ಗುಂಟೆ ಇಲ್ಲದೆಯೂ ಇದೆ! 11ನೇ ಕಲಮಿನಲ್ಲಿ ಮಾತ್ರ ಎಲ್ಲ ಸರಿಯಾಗಿದೆ, ಅಲ್ಲಿರುವುದು ಸಾಲ.

"ಇಂಥ ಸಾಲನ್ನು ನಮ್ಮ ಸಿಸ್ಟಮ್ಮು ಒಳಗೇ ಬಿಟ್ಕೊಳಲ್ಲ ಕಣಪ್ಪ," ಎಂದ ಮಗ.

"ಎಂಟು ಗುಂಟೆ ಜಾಸ್ತಿ ಅದೆ ಅಂದ್ರೆ ಸಂತೋಸ ಪಡ್ಲಾ," ಎಂದರು ಅಪ್ಪ.

ಪೌತಿ ಖಾತೆಗೆ ವಂಶವೃಕ್ಷ ಬೇಕು, ವಾರಸುದಾರರೆಲ್ಲರ ಒಪ್ಪಿಗೆ ಬೇಕು. ತಾತನ ಪಾಲಿನ ವಾರಸುದಾರರೆಂದರೆ ಭತ್ತಮತ, ಶುಂಠಿಮತ, ಗಜದ್ವೈತ ಮೂರೂ ಎಂದಾಯಿತು. ನಾಯಕ ರಜೆ ಹಾಕಿ ಮೂರು ತಾಲ್ಲೂಕು ಸುತ್ತಿದ. ಮೂರು ಕಡೆ ಊಟವಾಯಿತು, ಸಹಿ ಒಂದು ಕಡೆಯೂ ಆಗಲಿಲ್ಲ. "ನಿಮ್ಮಪ್ಪನೇ ಬಂದು ಕೇಳ್ಲಿ" ಎಂಬ ಒಂದು ವಿಷಯದಲ್ಲಿ ಮಾತ್ರ ಮೂರು ಮತಗಳಿಗೂ ಐಕಮತ್ಯವಿತ್ತು. ಮೂವತ್ತು ವರ್ಷ ಅಪ್ಪ ಯಾಕೆ ಖಾತೆ ಮಾಡಿಸಲಿಲ್ಲ ಎಂಬುದು ಆಗ ತಿಳಿಯಿತು. ಕೇಳಲು ಹೋದರೆ ಪಾಲಿನ ಮಾತು ಬರುತ್ತದೆ. ಕೇಳದಿದ್ದರೆ ಗೌರಿಹಬ್ಬಕ್ಕೆ ಅತ್ತೆಯರು ಬರುತ್ತಾರೆ.

ಕೆಲಸವೋ ಹೊಲವೋ ಎಂಬಂಥ ಇದೋ ಅದೋಗಳನ್ನು ಮೀಮಾಂಸಕರು ವಿಕಲ್ಪ ಎನ್ನುತ್ತಾರೆ. ಅದಕ್ಕೆ ಎಂಟು ದೋಷಗಳೆಂದು ಎಣಿಸಿದ್ದಾರೆ; ನಮ್ಮ ಎಣಿಕೆಯಲ್ಲಿ ದೋಷಕ್ಕೆ ಒಂದು ಗುಂಟೆ. ಹಾಗಾಗಿ ಆದಷ್ಟೂ ವಿಕಲ್ಪ ಬಿಟ್ಟು ಸಮುಚ್ಚಯ ಹಿಡಿ, ಅಂದರೆ ಎರಡನ್ನೂ ಮಾಡು ಎಂಬುದೇ ಸಿದ್ಧಾಂತ.

ಸಂಗತಿ

ಈ ಸಲ ಸೊಪ್ಪು ಬೇಯಿಸುವ ವಾರ ನಾಯಕ ಲ್ಯಾಪ್‌ಟಾಪ್ ಹಿಡಿದು ಬ್ಯಾರನ್ನಿನ ಜಗಲಿಗೆ ಬಂದ. ರಾತ್ರಿ ಎರಡರ ಹೊತ್ತಿಗೆ ಏನೋ ಕೂಗಿತು.

"ನಂದಾ ನಿಂದಾ ನೋಡ್ಲಾ," ಎಂದರು ಅಪ್ಪ.

ಅಪ್ಪ ಕಿಂಡಿಯಿಂದ ಥರ್ಮಾಮೀಟರು ನೋಡಿದರು, ಮಗ ಪರದೆ ನೋಡಿದ. ಎರಡೂ ಸರಿಯಾಗಿಯೇ ಇದ್ದವು. ಅಪ್ಪ ಒಲೆಗೆ ಇನ್ನೊಂದು ಕೊರಡು ತಳ್ಳಿ, ಚಾಪೆಯಲ್ಲಿ ಅರ್ಧ ಜಾಗ ಬಿಟ್ಟು ಕೂತರು.