ಬೀಟಾ ಚಪಲ

ಮನೆಯಿಂದಲೇ ಕೆಲಸ ಎಂಬ ಪದ್ಧತಿ ಬಂದ ಮೇಲೆ ಭಟ್ಕಳದಿಂದ ಕುಮಟಾದವರೆಗೆ ಅಲ್ಲಲ್ಲಿ ಮಾಳಿಗೆಯ ಮೇಲೊಬ್ಬ ಪ್ರೋಗ್ರಾಮರ್ ಸಿಗುತ್ತಾನೆ. ಇವರಲ್ಲಿ ಕೆಲವರಿಗೆ ಕೋಡ್ ಬರೆಯುವುದಕ್ಕಿಂತ ಅದನ್ನು ಬರೆಯುವ ಎಡಿಟರಿನ ಬೀಟಾ, ಅಂದರೆ ಇನ್ನೂ ಪರೀಕ್ಷೆಯಲ್ಲಿರುವ ಆವೃತ್ತಿ, ಹಾಕಿಕೊಳ್ಳುವುದರಲ್ಲೇ ಉಮೇದು. ವಿಎಸ್ ಕೋಡ್‌ನ ನೀಲಿ ಚಿಹ್ನೆಯ ಸ್ಥಿರ ಆವೃತ್ತಿ ಇದ್ದೇ ಇರುತ್ತದೆ. ಪಕ್ಕದಲ್ಲೇ ಹಸಿರು ಚಿಹ್ನೆಯ 'ಇನ್‌ಸೈಡರ್ಸ್'. ಒಂದೇ ಲ್ಯಾಪ್‌ಟಾಪಿನಲ್ಲಿ ಎರಡೂ ಜಗಳವಿಲ್ಲದೆ ಇರುತ್ತವೆ, ಒಪ್ಪೋಣ. ಆದರೆ ಹಸಿರಿನದು ಹೆಚ್ಚುಕಡಿಮೆ ದಿನಕ್ಕೊಂದು ಹೊಸ ಬಿಲ್ಡ್. ಆಷಾಢದ ಮಳೆಗೆ ಕರೆಂಟು ಹೋದಾಗ ಫೋನಿನ ಹಾಟ್‌ಸ್ಪಾಟ್ ಹಚ್ಚಿ ಅದನ್ನು ಇಳಿಸಿಕೊಳ್ಳುವುದೆಂದರೆ ತಪಸ್ಸೇ.

"ತಮಾ, ಹಳೇದಕ್ಕೆ ಎಂತಾ ಆಗಿತ್ತೋ?" ಎಂದು ಆಯಿ ಕೇಳುತ್ತಾಳೆ. ಹಳೇದಕ್ಕೆ ಏನೂ ಆಗಿರಲಿಲ್ಲ. ಅದೇ ಅದರ ತಪ್ಪು.

ಅರ್ಧ ತಯಾರಾದದ್ದನ್ನು ಬಳಸುವುದು ನಮ್ಮ ಕಡೆಯವರಿಗೆ ಹೊಸತೇನಲ್ಲ ಬಿಡಿ. ಹೆದ್ದಾರಿ 66 ಅಗಲವಾಗುತ್ತಿರುವಾಗಲೇ ಅದರ ಮೇಲೆ ದಿಬ್ಬಣ ಹೊರಡಿಸಿದವರು ನಾವು.

ಸಬ್ಲೈಮ್ ಟೆಕ್ಸ್ಟ್ 3 ಎಂಬ ಇನ್ನೊಂದು ಎಡಿಟರಿನ ಬೀಟಾ ಬಂದದ್ದು 2013ರ ಜನವರಿಯಲ್ಲಿ. ಪೂರ್ಣ ಆವೃತ್ತಿ ಎನಿಸಿಕೊಂಡದ್ದು 2017ರ ಸೆಪ್ಟೆಂಬರಿನಲ್ಲಿ. ಅಷ್ಟರೊಳಗೆ ಹೊನ್ನಾವರದ ಹುಡುಗನೊಬ್ಬ ಇಂಜಿನಿಯರಿಂಗ್ ಸೇರಿ, ಮುಗಿಸಿ, ಬೆಂಗಳೂರಿನಲ್ಲಿ ರೂಮು ಹುಡುಕಿರಬಹುದು. ಗಿಟ್‌ಹಬ್‌ನ ಆಟಮ್ ಎಡಿಟರಿಗೂ ಬೀಟಾ ಇತ್ತು. 2022ರ ಡಿಸೆಂಬರ್ 15ರಂದು ಅದರ ಅಧ್ಯಾಯವೇ ಮುಗಿಯಿತು. ಸ್ಥಿರವನ್ನು ನಂಬಿದವರಿಗೂ ಬೀಟಾ ಹಿಡಿದವರಿಗೂ ಅಲ್ಲಿ ಸಮಪಾಲು!

ಸಂಬಳದ ಕೆಲಸ ನೀಲಿಯಲ್ಲಿರಲಿ, ಚಪಲ ಹಸಿರಿನಲ್ಲಿ ಎಂದು ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಹುಡುಗನೊಬ್ಬನಿಗೆ ಬುದ್ಧಿ ಹೇಳಿದೆ. ಗಂಭೀರವಾಗಿ ಕೇಳಿಸಿಕೊಂಡ. ಆಮೇಲೆ ಕೇಳಿದ: "ಆಲ್ಫಾ ಎಲ್ಲಿ ಸಿಗ್ತದೆ ಮಾರಾಯ್ರೇ?"