ಇನ್ನೊಂದೇ ವರ್ಷ

ಭಂಕೂರದಲ್ಲಿ ಯಾರ ನೌಕರಿಯೂ ಅವರೊಬ್ಬರ ಸ್ವಂತ ಸಂಗತಿಯಾಗಿ ಉಳಿಯುವುದಿಲ್ಲ. ಪಗಾರ ಎಷ್ಟು, ಓಟಿ ಎಷ್ಟು, ಸಾಹೇಬ ಎಂಥವ, ಪಿಎಫ್ ಹಿಡಿತಾರೋ ಇಲ್ಲೋ ಎಂಬುದೆಲ್ಲ ಓಣಿಗೆ ಬಾಯಿಪಾಠ. ಶಹಾಬಾದ, ವಾಡಿ, ಸೇಡಂ ಎಂದು ಸುತ್ತಲೂ ಸಿಮೆಂಟಿನ ಚಿಮಣಿ ಎದ್ದ ಸೀಮೆ ಇದು. ಇಲ್ಲಿ ಒಂದು ಕಾಲಕ್ಕೆ ‘ಪರ್ಮನೆಂಟ್ ಆಗ್ಯಾನ’ ಎಂಬ ಎರಡು ಶಬ್ದದ ಮೇಲೆ ಹೆಣ್ಣು ಕೊಡುತ್ತಿದ್ದರು. ಹುಡುಗನ ಮುಖ ನೋಡುವುದು ಆಮೇಲಿನ ಮಾತು.

ಅಂಥ ಊರಿನಿಂದ ನನ್ನ ಅಕ್ಕನ ಮಗ ಮಾಲ್ಡೀವ್ಸಿಗೆ ಹೋಗಿ ಒಂದು ದ್ವೀಪದ ಶಾಲೆಯಲ್ಲಿ ಭೂಗೋಳದ ಮಾಸ್ತರನಾಗಿದ್ದಾನೆ. ಎರಡು ವರ್ಷದ ಗುತ್ತಿಗೆ. ಒಮ್ಮೆ ಮುಗಿದು, ಮತ್ತೊಮ್ಮೆ ಮುಂದುವರಿದು, ಈಗ ಅದೂ ಮುಗಿಯಲಿಕ್ಕೆ ಬಂದಿದೆ. ಶಾಲೆಯಿಂದ ಫಾರ್ಮು ಬಂದಿದೆ. ‘ಮುಂದುವರಿಯಲು ಇಚ್ಛೆ ಇದೆ’ ಎಂದೊಂದು ಚೌಕ, ‘ಇಚ್ಛೆ ಇಲ್ಲ’ ಎಂದು ಇನ್ನೊಂದು. ಅವನು ಕೆಲವು ವಾರಗಳಿಂದ ಆ ಎರಡು ಚೌಕಗಳ ನಡುವಿನ ಖಾಲಿ ಜಾಗದಲ್ಲಿ ವಾಸವಾಗಿದ್ದಾನೆ.

ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಅರ್ಧ ತಾಸು ಹಿಂದೆ. ನಾವು ಉಂಡು ಕೈತೊಳೆದು ಕಟ್ಟೆಗೆ ಬಂದು ಕೂತ ಹೊತ್ತಿಗೆ ಅವನ ಊಟ ಇನ್ನೂ ಒಲೆಯ ಮೇಲಿರುತ್ತದೆ. ಫೋನನ್ನು ಡಬ್ಬಿಗೆ ಆನಿಸಿಟ್ಟು ಬ್ಯಾಳಿ ಕುದಿಸುತ್ತ ಮಾತಾಡುತ್ತಾನೆ. ಆ ತೊಗರಿಬ್ಯಾಳಿ, ಜೋಳದ ಹಿಟ್ಟು, ಶೇಂಗಾ ಹಿಂಡಿ ಎಲ್ಲ ಇಲ್ಲಿಂದಲೇ ಹೋದದ್ದು. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತೆಂದು ಪೇಪರಿನಲ್ಲಿ ಬಂದಿತ್ತು, ಆದರೆ ಅದಕ್ಕೆ ವಿಮಾನ ಹತ್ತುವ ಯೋಗ್ಯತೆ ಕೊಟ್ಟವಳು ನಮ್ಮ ಅಕ್ಕ.

“ಮಾಮಾ, ಮನಸ್ಸಿಲ್ರಿ. ಖರೇ ಹೇಳ್ತೀನಿ, ಭಾಳ ಬ್ಯಾಸರಾಗ್ಯದ” ಎನ್ನುತ್ತಾನೆ. ಬೇಸರದ ಪಟ್ಟಿ ಉದ್ದವಾಗಿದೆ. ಒಂದು ಪಾಠಕ್ಕೆ ಮೊದಲೊಂದು ಯೋಜನೆ ಬರೆಯಬೇಕು, ಪಾಠವಾದ ಮೇಲೆ ಯೋಜನೆ ಎಷ್ಟು ಫಲಿಸಿತೆಂದು ಬರೆಯಬೇಕು, ಎರಡನ್ನೂ ಕಂಪ್ಯೂಟರಿಗೆ ಏರಿಸಬೇಕು. ಹಿಂದಿನ ಬೆಂಚಿನಲ್ಲಿ ಆಗಾಗ ಒಬ್ಬರು ಟ್ಯಾಬ್ ಹಿಡಿದು ಕೂತು ಇವನಿಗೆ ಅಂಕ ಹಾಕುತ್ತಾರೆ. ಯಾರಾದರೂ ರಜೆ ಹಾಕಿದರೆ ಅವರ ಪೀರಿಯಡ್ ಇವನ ತಲೆಗೆ. ಶುಕ್ರವಾರ, ಶನಿವಾರ ರಜೆ, ಆದರೆ ಕ್ರೀಡಾಕೂಟ ಬಂದರೆ ಅದೂ ಹೋಯಿತು. ಪಗಾರ ರುಫಿಯಾದಲ್ಲಿ ಬರುತ್ತದೆ, ಅದನ್ನು ಡಾಲರ್ ಮಾಡಿ ಮನೆಗೆ ಕಳಿಸಲಿಕ್ಕೆ ಮಿತಿ. “ಪಾಠ ಮಾಡೋದಕ್ಕಿಂತ, ಪಾಠ ಮಾಡ್ದೆ ಅಂತ ತೋರ್ಸೋದೇ ಹೆಚ್ಚಾಗ್ಯದ್ರಿ.”

ಪಕ್ಕದಲ್ಲಿ ಕೂತ ಅಕ್ಕ ಫೋನಿನ ಕಡೆ ಬಾಗಿ ಹೇಳುತ್ತಾಳೆ: “ಬ್ಯಾಸರಾದ್ರ ಆಗ್ಲಿ ಬಿಡಪ್ಪಾ. ನಿಮ್ಮಪ್ಪಗ ಫ್ಯಾಕ್ಟರಿನಾಗ ಮೂವತ್ತು ವರ್ಷ ಬ್ಯಾಸರಾಗಿತ್ತು. ಒಂದಿನಾರೆ ಬಾಯಿಬಿಟ್ಟು ಹೇಳ್ಯಾನೇನು?”

ಭಾವ ಪ್ಯಾಕಿಂಗ್ ವಿಭಾಗದಲ್ಲಿದ್ದವರು. ಸಂಜೆ ಹುಬ್ಬಿನ ಮೇಲೆಲ್ಲ ಸಿಮೆಂಟ್ ಹೊತ್ತು ಬರುತ್ತಿದ್ದರು. ನೌಕರಿಯಲ್ಲಿ ತೃಪ್ತಿ ಉಂಟೇ ಎಂದು ಅವರನ್ನು ಯಾರಾದರೂ ಕೇಳಿದ್ದರೆ, ಅದು ಯಾವ ತಿಂಗಳಿನಿಂದ ಕೊಡ್ತಾರ ಎಂದು ತಿರುಗಿ ಕೇಳುತ್ತಿದ್ದರೇನೋ.

ಈ ವಿಷಯದಲ್ಲಿ ಮತ ಹಾಕುವವರು ಅಕ್ಕನೊಬ್ಬಳೇ ಅಲ್ಲ. ಅವರ ಮನೆಯ ಮಾಳಿಗೆಯ ಮೇಲೆ ಮುಂದಿನ ಅಂತಸ್ತಿಗೆಂದು ಬಿಟ್ಟ ಕಬ್ಬಿಣದ ಸರಳುಗಳಿವೆ. ಮಳೆನೀರು ಇಳಿಯದಿರಲೆಂದು ತುದಿಗೆ ತಂಪು ಪಾನೀಯದ ಖಾಲಿ ಬಾಟ್ಲಿ ಬೋರಲು ಹಾಕಿದ್ದಾರೆ. ಆ ಬಾಟ್ಲಿಗಳ ಮತ ‘ಇಚ್ಛೆ ಇದೆ’ ಚೌಕಕ್ಕೆ. ಅವನ ತಂಗಿಯ ಲಗ್ನದ ಮತವೂ ಅಲ್ಲಿಗೇ. ಬಿ.ಇಡಿ. ಮುಗಿಸಿ ಕೂತ ಎದುರುಮನೆಯ ಹುಡುಗನಂತೂ ದಿನಾ ಬಂದು, “ಅಣ್ಣ ಬಿಟ್ರ ಆ ಜಾಗಾ ನನಗ ಸಿಗ್ತದೇನ್ರಿ?” ಎಂದು ವಿಚಾರಿಸುತ್ತಾನೆ. ಬಿಡಲಿ ಎನ್ನುವ ಪಕ್ಷದಲ್ಲಿ ಅವನೊಬ್ಬನೇ.

ಬಿಟ್ಟು ಬಂದರೆ ಇಲ್ಲೇನಿದೆ? ನಮ್ಮ ಭಾಗಕ್ಕೆ ನೌಕರಿ ಮೀಸಲಿಡುವ 371ಜೆ ವಿಧಿ ಬಂತು, ಹೈದರಾಬಾದ್ ಕರ್ನಾಟಕ ಹೋಗಿ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. 2022ರಲ್ಲಿ ಪದವೀಧರ ಶಿಕ್ಷಕರ 15,000 ಹುದ್ದೆ ಕರೆದಾಗ ನಮ್ಮ ಭಾಗಕ್ಕೇ 5,000 ಎಂದರು. ಇವನು ಆಗ ಸಮುದ್ರದ ನಡುವೆ ಇನ್ನೊಬ್ಬರ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದ. ಉಳಿದದ್ದು ಅತಿಥಿ ಶಿಕ್ಷಕನ ಕೆಲಸ. ತಿಂಗಳಿಗೆ ಹತ್ತು ಹನ್ನೆರಡು ಸಾವಿರ ಗೌರವಧನ. ಶಾಲೆ ಶುರುವಾದ ಮೇಲೆ ಕರೆಯುತ್ತಾರೆ, ಪರೀಕ್ಷೆ ಮುಗಿದ ಮೇಲೆ ಕೈಮುಗಿಯುತ್ತಾರೆ, ಮರುವರ್ಷ ಮತ್ತೆ ಅರ್ಜಿ. ಪರದೇಶದಲ್ಲಿ ಅವನನ್ನು ಎರಡು ವರ್ಷಕ್ಕೊಮ್ಮೆ ಇರ್ತೀಯಾ ಎಂದು ಕೇಳುತ್ತಾರೆ. ಸ್ವಂತ ತಾಲ್ಲೂಕಿನಲ್ಲಿ ವರ್ಷಕ್ಕೊಮ್ಮೆ ಅತಿಥಿ ಮಾಡಿ ಕಳಿಸುತ್ತಾರೆ.

ಇಂಥ ಪೇಚು ಇವನಿಗೇ ಮೊದಲು ಬಂದದ್ದಲ್ಲ. ಮಾಲ್ಡೀವ್ಸಿನಲ್ಲಿ ನೌಕರಿಗೆ ನಿಂತು ಬೇಸತ್ತವರಲ್ಲಿ ಹಿರಿಯನೆಂದರೆ ಮೊರಕ್ಕೊದ ಇಬ್ನ್ ಬತೂತ. ನಮ್ಮ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆ ಕಂಡೆನೆಂದು ಬರೆದಿಟ್ಟ ಅದೇ ಪ್ರವಾಸಿ. 1343ರಲ್ಲಿ ಆ ದ್ವೀಪಗಳಿಗೆ ಹೋದ. ಓದಿದ ಮನುಷ್ಯ ಸಿಕ್ಕನೆಂದು ಅಲ್ಲಿಯವರು ಬಿಡದೆ ಖಾಜಿ ಮಾಡಿದರು. ದೊಡ್ಡ ಮನೆತನಗಳಲ್ಲಿ ಮದುವೆಗಳಾದವು, ಮರ್ಯಾದೆಯಾಯಿತು. ಇವನು ಶುಕ್ರವಾರದ ನಮಾಜಿಗೆ ಬಾರದವರನ್ನು ದಂಡಿಸಹೋದ, ಹೆಂಗಸರು ಮೈತುಂಬ ಬಟ್ಟೆ ಹಾಕಬೇಕೆಂದು ಹಟ ಹಿಡಿದ. ಅವರು ಜಗ್ಗಲಿಲ್ಲ. ವಜೀರನ ಜೊತೆ ಕೆಟ್ಟಿತು. 1344ರಲ್ಲಿ ಹಡಗು ಹತ್ತಿ ಹೋಗಿಬಿಟ್ಟ. ಟ್ಯಾಬ್ ಹಿಡಿದವರು ಅವನ ಹಿಂದೆಯೂ ಕೂತಿದ್ದರೆ ಇನ್ನೂ ಬೇಗ ಹೋಗುತ್ತಿದ್ದ.

ಅದಾಗಿ ಮೂರು ವರ್ಷಕ್ಕೆ, 1347ರಲ್ಲಿ, ನಮ್ಮ ಕಲಬುರಗಿ ಬಹಮನಿ ರಾಜಧಾನಿಯಾಯಿತು. ಆಗ ನಾವೇ ಪರದೇಶ, ಆಗಿನ ದುಬೈ. ಇರಾನಿನವರಿಗೆ ಇಲ್ಲಿಂದ ಆಫರ್ ಲೆಟರ್ ಹೋಗುತ್ತಿತ್ತು. ಹಾಗೆ ಕರೆ ಹೋದವರಲ್ಲಿ ಶಿರಾಜಿನ ಕವಿ ಹಾಫಿಜನೂ ಒಬ್ಬ. ಕರೆಸಿದ್ದು ಎರಡನೆಯ ಮುಹಮ್ಮದ ಶಾಹನ ಆಸ್ಥಾನ, ಹಣ ಕಳಿಸಿದ್ದು ಮೀರ್ ಫಜ್ಲುಲ್ಲಾ ಇಂಜು. ಮುಂದಿನದು ಇತಿಹಾಸಕಾರ ಫಿರಿಶ್ತಾ ಬರೆದ ಕತೆ. ಅವನೂ ಇರಾನಿನಿಂದ ಬಂದು ಬಿಜಾಪುರದಲ್ಲಿ ಅನ್ನ ಕಂಡವನೇ. ಹಾಫಿಜ ಬಂದ ದುಡ್ಡಿನಲ್ಲಿ ಒಂದಷ್ಟನ್ನು ಸಾಲಗಾರರಿಗೆ ಕೊಟ್ಟ, ಒಂದಷ್ಟನ್ನು ತಂಗಿಯ ಮಕ್ಕಳಿಗೆ ಹಂಚಿದ. ನೋಡಿ, ಆಗಲೂ ಪರದೇಶದ ದುಡ್ಡು ಮೊದಲು ಹೋದದ್ದು ಸಾಲಕ್ಕೆ, ಬಳಗಕ್ಕೇ. ಹೇಗೋ ಹೊರ್ಮುಜ್ ಬಂದರು ಮುಟ್ಟಿ ಹಡಗು ಹತ್ತಿದ. ಹಡಗು ಬಿಡುವ ಮೊದಲೇ ಬಿರುಗಾಳಿ ಎದ್ದಿತು. ಇಳಿದು, ಒಂದು ಗಜಲ್ ಬರೆದು ಕಲಬುರಗಿಗೆ ಕಳಿಸಿ, ಮನೆಗೆ ಹೋದ. ಸುಲ್ತಾನ ದೊಡ್ಡ ಮನಸ್ಸಿನವನು, ಕೆಲಸಕ್ಕೇ ಬಾರದ ಮನುಷ್ಯನಿಗೆ ಮತ್ತೆ ಕಾಣಿಕೆ ಕಳಿಸಿದ. ಇಂಥ ಆಡಳಿತ ಮಂಡಳಿ ಈಗ ಎಲ್ಲೂ ಇಲ್ಲ.

ದುಡ್ಡು ಕಳಿಸಿದ ಫಜ್ಲುಲ್ಲಾ ಇಂಜುವಿನದು ಮೂರನೆಯ ದಾರಿ. ಅವನೂ ಶಿರಾಜಿನವನು, ಅವನೂ ಮಾಸ್ತರ. ರಾಜಮನೆತನದ ಹುಡುಗರಿಗೆ ಪಾಠ ಹೇಳುತ್ತಿದ್ದ. 1397ರಲ್ಲಿ ಅವರಲ್ಲೊಬ್ಬ ಫಿರೋಜ್ ಶಾಹನೆಂದು ಗದ್ದುಗೆ ಏರಿದಾಗ ಗುರುವನ್ನೇ ಮಂತ್ರಿ ಮಾಡಿಕೊಂಡ. ಇಂಜು ಶಿರಾಜಿಗೆ ಮರಳಲಿಲ್ಲ. ಒಬ್ಬ ಜಗಳಾಡಿ ಬಿಟ್ಟ, ಒಬ್ಬ ಹತ್ತಿ ಇಳಿದ, ಒಬ್ಬ ನಿಂತೇಬಿಟ್ಟ. ನಾನು ಈ ಮೂವರ ಕತೆ ಹೇಳಿದಾಗ ಅಳಿಯ ಬ್ಯಾಳಿಗೆ ಒಗ್ಗರಣೆ ಹಾಕುತ್ತ ಕೇಳಿದ: “ಮೂವರಾಗ ಯಾರ ಮನಿ ಮ್ಯಾಲ ಸಾಲ ಇತ್ರಿ ಮಾಮಾ?”

ಅವನ ದೂರುಗಳನ್ನು ಕೇಳಿಕೇಳಿ ನನಗೆ ಒಂದು ಹೊಳೆಯಿತು. ಆ ಪಟ್ಟಿಯಲ್ಲಿ ಹುಡುಗರು ಎಂದೂ ಬರುವುದಿಲ್ಲ. ಹುಡುಗರ ಸುದ್ದಿ ಬಂದರೆ ದನಿಯೇ ಬೇರೆ. ಒಮ್ಮೆ ಬೇಸಿಗೆಯಲ್ಲಿ ಫೋನು ಮಾಡಿ, “ಮಾಮಾ, ಜರಾ ಖಣಿ ಕಡೆ ಹೋಗ್ತೀರೇನು? ಹುಡುಗ್ರಿಗಿ ತೋರಸ್ಬೇಕು” ಎಂದ. ಮಾಲ್ಡೀವ್ಸಿನ ಸಹಜ ನೆಲ ಅತಿ ಎತ್ತರವೆಂದರೆ ಎರಡೂವರೆ ಮೀಟರಿನ ಆಸುಪಾಸು. ಬೆಟ್ಟ, ಕಣಿವೆ, ಶಿಲಾಪದರ ಎಂಬುದೆಲ್ಲ ಆ ಮಕ್ಕಳಿಗೆ ಪುಸ್ತಕದೊಳಗಿನ ಮಾತು.

ನಾನು ಫರಸಿ ಖಣಿಯ ಅಂಚಿಗೆ ನಿಂತು ಫೋನನ್ನು ಕೆಳಗೆ ತಿರುಗಿಸಿದೆ. ಉಳಿ ಬಡಿಯುವ ಸಪ್ಪಳ ಮೇಲೆ ಬರುತ್ತಿತ್ತು. ಗೋಡೆಯುದ್ದಕ್ಕೂ ಬೂದುನೀಲಿ ಪದರ, ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ತಳದಲ್ಲಿ ಇಬ್ಬರು ಒಂದು ಹಾಸನ್ನು ಹಾರೆಯಿಂದ ಮೀಟಿ ಎಬ್ಬಿಸಿದರು. ಅಷ್ಟಗಲದ ಕಲ್ಲು ಒಡೆಯದೆ ಎದ್ದಾಗ ಫೋನಿನೊಳಗಿಂದ ಹುಯ್ಯೆಂದು ಕೂಗು ಬಂತು. ಆಮೇಲೆ ಒಬ್ಬ ಹುಡುಗ ಇಂಗ್ಲಿಷಿನಲ್ಲಿ ಕೇಳಿದ: “ಸರ್, ಅಷ್ಟು ಆಳ ಅಗೆದರೂ ನೀರು ಯಾಕೆ ಬಂದಿಲ್ಲ?”

ಅವರ ದ್ವೀಪದಲ್ಲಿ ಆಳುದ್ದ ತೋಡುವಷ್ಟರಲ್ಲಿ ನೀರು ಒಸರುತ್ತದೆ. ನಮ್ಮಲ್ಲಿ ನೀರು ಬಂದರೆ ಸುದ್ದಿ, ಅವರಿಗೆ ಬಾರದಿದ್ದರೆ ಸುದ್ದಿ. ಅಳಿಯ ಅಲ್ಲಿಂದಲೇ ಶುರುಮಾಡಿದ. ಈಗ ಒಣಗಿರುವ ಈ ಊರು ಕೋಟ್ಯಂತರ ವರ್ಷದ ಹಿಂದೆ ಸಮುದ್ರದ ತಳವಾಗಿತ್ತು, ಅಲ್ಲಿ ಕೂತ ಸುಣ್ಣದ ಕೆಸರೇ ಪದರಪದರವಾಗಿ ಈ ಕಲ್ಲಾಯಿತು, ನೀವು ಕಾಲಿಟ್ಟ ಹವಳದ ಮರಳಿನಲ್ಲೂ ಇರುವುದು ಅದೇ ಸುಣ್ಣ ಎಂದು ಹೇಳಿದ. ಪೀರಿಯಡ್ ಮುಗಿದ ಗಂಟೆ ನನಗೂ ಕೇಳಿಸಿತು, ಹುಡುಗರು ಏಳಲಿಲ್ಲ. ರಾತ್ರಿ ಮತ್ತೆ ಫೋನು ಮಾಡಿದಾಗ ಅವನು ಬೈಯುತ್ತಿದ್ದುದು ಬೇರೆಯದಕ್ಕೆ. ಆ ಪಾಠ ಯೋಜನೆಯಲ್ಲಿ ಇರಲಿಲ್ಲವಾದ್ದರಿಂದ ಅದಕ್ಕೆ ವಿವರಣೆ ಬರೆದು ಕೊಡಬೇಕಿತ್ತು.

ನಾನೂ ಮಾಸ್ತರಿಕೆ ಮಾಡಿದವನೇ, ಅರವತ್ತಕ್ಕೆ ನಿವೃತ್ತನಾದವನು. ಸರ್ಕಾರ ನನ್ನನ್ನು ಒಮ್ಮೆ ತೆಗೆದುಕೊಂಡಿತು, ಆಮೇಲೆ ಇಚ್ಛೆ ಇದೆಯೋ ಇಲ್ಲವೋ ಎಂದು ಕೇಳುವ ಗೋಜಿಗೇ ಹೋಗಲಿಲ್ಲ. ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಎಂದು ನಾವೂ ಗೊಣಗಿದೆವು. ಆದರೆ ಪರ್ಮನೆಂಟ್ ನೌಕರನ ಗೊಣಗಾಟಕ್ಕೆ ಒಂದು ನಿಶ್ಚಿಂತೆ ಇರುತ್ತದೆ. ಎಷ್ಟು ಗೊಣಗಿದರೂ ನಾಳೆ ಹೋಗಲೇಬೇಕು, ಆದ್ದರಿಂದ ಹಾಯಾಗಿ ಗೊಣಗಬಹುದು. ಗುತ್ತಿಗೆಯವನಿಗೆ ಆ ಸುಖವಿಲ್ಲ. ಅವನು ಗೊಣಗಿದ ಕೂಡಲೇ ಯಾರೋ ಫಾರ್ಮು ತಂದು ಮುಂದಿಡುತ್ತಾರೆ: ಹಾಗಾದರೆ ಬಿಡು.

ಹಾಗೆಂದು ಗುತ್ತಿಗೆ ಮನುಷ್ಯನಿಂದ ನಿರ್ಧಾರ ಮಾಡಿಸುತ್ತದೆ ಎಂದುಕೊಂಡರೆ ಅದೂ ಸುಳ್ಳು. ನಮ್ಮ ಕಡೆಯಿಂದ ಗಲ್ಫಿಗೆ ಹೋದವರನ್ನು ನೋಡಿದ್ದೇನೆ. ಇಪ್ಪತ್ತು ವರ್ಷ ಇರುತ್ತೇನೆಂದು ಹೊರಟವನು ಒಬ್ಬನೂ ಇಲ್ಲ. ಎಲ್ಲರೂ ಇದ್ದದ್ದು ‘ಇನ್ನೊಂದೇ ವರ್ಷ’. ಆ ಒಂದೇ ವರ್ಷವನ್ನು ಇಪ್ಪತ್ತು ಸಲ ಇದ್ದರು. ಅವಧಿ ಸಣ್ಣದಾದಷ್ಟೂ ಅನುಕೂಲ, ಯಾವ ಸಲವೂ ದೊಡ್ಡ ತೀರ್ಮಾನ ಮಾಡಿದ ಹಾಗೆ ಅನ್ನಿಸುವುದಿಲ್ಲ. ಇರುವುದನ್ನು ನಿಶ್ಚಯಿಸದೆ, ಬರುವುದನ್ನಷ್ಟೇ ಮುಂದೂಡುತ್ತ ಕೂದಲು ಬೆಳ್ಳಗಾಗುತ್ತದೆ. ಬೇಸರಕ್ಕಾಗಿ ಬಿಡುವವನೂ ಹೀಗೇ. ಇಲ್ಲಿಂದ ಪಾರಾದರೆ ಸಾಕೆಂದು ಬರುತ್ತಾನೆ, ಬಂದು ಏನು ಮಾಡುವುದೆಂಬುದನ್ನು ವಾಡಿ ಜಂಕ್ಷನ್ನಿನಲ್ಲಿ ಇಳಿದ ಮೇಲೆ ಯೋಚಿಸುತ್ತಾನೆ.

ಆದ್ದರಿಂದ ಅಳಿಯ ಕಡೆಗೆ, “ನೀವೇ ಹೇಳ್ರಿ ಮಾಮಾ, ಏನ್ ಮಾಡ್ಲಿ?” ಎಂದಾಗ ನಾನು ಚೌಕದ ಮಾತೇ ಎತ್ತಲಿಲ್ಲ. “ಯಾವಾಗ ಬರ್ತಿ, ಬಂದು ಏನ್ ಮಾಡ್ತಿ, ಅದು ಮೊದಲ ಹೇಳು. ಸಹಿ ಆಮ್ಯಾಲಿಂದು” ಎಂದೆ. ಬಹಳ ಹೊತ್ತು ಸುಮ್ಮನಿದ್ದ. ಬ್ಯಾಳಿ ತಳ ಹತ್ತಿರಬೇಕು, ಎದ್ದು ಹೋಗಿ ಬಂದ. ಇನ್ನೆರಡು ವರ್ಷ, ಅಷ್ಟರಲ್ಲಿ ಸಾಲ ತೀರುತ್ತದೆ, ಮುಂದಿನ ನೇಮಕಾತಿಗೆ ಅಲ್ಲಿಂದಲೇ ಓದುತ್ತೇನೆ, ಆಗದಿದ್ದರೂ ಬರುತ್ತೇನೆ, ಅತಿಥಿಯಾದರೂ ಸರಿ, ಶಹಾಬಾದಿನ ಹುಡುಗರೂ ಹುಡುಗರೇ ಎಂದ.

‘ಇಚ್ಛೆ ಇದೆ’ ಎಂಬಲ್ಲಿ ಗುರುತು ಹಾಕಿ, ಕೆಳಗೆ ‘ಇದು ನನ್ನ ಕೊನೆಯ ಗುತ್ತಿಗೆ’ ಎಂದು ಒಂದು ಸಾಲು ಬರೆದು ಕಳಿಸಿದನಂತೆ. ಮರುದಿನವೇ ಉತ್ತರ ಬಂತು: ಫಾರ್ಮಿನಲ್ಲಿ ಅಂಥ ಕಾಲಂ ಇಲ್ಲ, ದಯವಿಟ್ಟು ಮತ್ತೊಮ್ಮೆ ಭರ್ತಿ ಮಾಡಿ. ಮತ್ತೊಮ್ಮೆ ಭರ್ತಿ ಮಾಡಿದ. ಅಲ್ಲಿ ಜಾಗ ಸಿಗದ ಆ ಸಾಲನ್ನು ನನ್ನ ವಾಟ್ಸಾಪಿಗೆ ಹಾಕಿದ. ನಾನು ಅಕ್ಕನಿಗೆ ಓದಿ ಹೇಳಿದೆ.

“ಕೊನೇದು ಅಂತ ಬರ್ದಾನ? ಖರೇನಾ?” ಎಂದು ಅಕ್ಕ ಎರಡು ಸಲ ಕೇಳಿದಳು. ಆಮೇಲೆ, “ಹಂಗಾದ್ರ ಹುಡುಗಿ ಲಗ್ನ ಎರಡು ವರ್ಷದೊಳಗೇ ಆಗ್ಬೇಕಲ್ಲೋ ತಮ್ಮಾ” ಎನ್ನುತ್ತ, ಇಷ್ಟು ದಿನ ಮುಟ್ಟದ ಪಂಚಾಂಗವನ್ನು ಮಾಡದಿಂದ ಕೆಳಗಿಳಿಸಿದಳು.